ಒಂದು ಪದರ ಹೆಚ್ಚು

ನಮ್ಮ ಮಾವನ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡಬೇಕೆಂದು ಪಾದ್ರಿಗಳು ಹೇಳಿಕಳಿಸಿದ್ದಾರೆ. ಸಂತನ ಹಬ್ಬದ ಮುನ್ನಾದಿನ ಚರ್ಚಿನಲ್ಲಿ ಆ ವರ್ಷ ತೀರಿಕೊಂಡವರನ್ನೆಲ್ಲ ನೆನೆಯುತ್ತಾರೆ, ಮನೆಯವರೊಬ್ಬರು ಎದ್ದು ನಿಂತು ಮಾತಾಡಬೇಕು. ನನ್ನ ಗಂಡ ಬಾಯಿ ಬಿಡುವವನಲ್ಲ. ಅತ್ತೆ ಬಾಯಿ ಬಿಟ್ಟರೆ ಅಳು ಬರುತ್ತದೆ. ಹಾಗಾಗಿ ಅದು ನನ್ನ ತಲೆಗೆ ಬಂತು. ನಾಲ್ಕು ಒಳ್ಳೆಯ ಮಾತಿಗಾಗಿ ಇಸ್ತ್ರಿ ಉಜ್ಜುತ್ತಾ ದಿನಗಟ್ಟಲೆ ತಡಕಾಡಿದೆ, ಸಿಗಲಿಲ್ಲ. ಸಿಕ್ಕಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಇದನ್ನು ಚರ್ಚಿನಲ್ಲಿ ಓದಲಾಗುವುದಿಲ್ಲವೆಂದು ನನಗೂ ಗೊತ್ತು.

ಮಾವ ಬೂಟು ಹೊಲಿಯುವವರು. ಊರು ಅವರನ್ನು ಕರೆಯುತ್ತಿದ್ದದ್ದು ಮೊಳೆಬಾಯಿ ಎಂದು. ಬೆಳಗ್ಗೆ ಅಂಗಡಿ ತೆರೆದ ತಕ್ಷಣ ಒಂದು ಹಿಡಿ ಸಣ್ಣ ಮೊಳೆಗಳನ್ನು ಬಾಯಿಗೆ ಹಾಕಿಕೊಂಡರೆ ಊಟಕ್ಕೆ ಕೂರುವ ತನಕ ತೆಗೆಯುತ್ತಿರಲಿಲ್ಲ. ಏನು ಹೇಳಿದರೂ ಹಲ್ಲಿನ ಸಂದಿಯಿಂದಲೇ ಬರುತ್ತಿತ್ತು, ಅದೂ ಬೈಗುಳವಾಗಿ. ಅವರು ಇವರು ಎಂದು ನಾನು ಬಹುವಚನ ಹಚ್ಚುತ್ತಿರುವುದು ಸೊಸೆಯಾಗಿ ಬಂದ ಅಭ್ಯಾಸ, ಗೌರವವೆಂದು ಯಾರೂ ತಪ್ಪು ತಿಳಿಯಬೇಡಿ.

ಅಂಗಡಿ ನಮ್ಮ ಮನೆಯ ಕೆಳಗೇ ಇದೆ. ಮೂರು ಮೆಟ್ಟಿಲು ಇಳಿದರೆ ನೆಲದಡಿಯ ಕೋಣೆ, ಅದಕ್ಕೊಂದು ಕಿಟಕಿ. ಬೀದಿ ಆ ಕಿಟಕಿಯ ಎತ್ತರಕ್ಕಿರುವುದರಿಂದ ಒಳಗೆ ಕೂತವರಿಗೆ ಹೋಗಿಬರುವವರ ಕಾಲು ಮಾತ್ರ ಕಾಣುತ್ತದೆ. ಮಾವ ಜೀವಮಾನವಿಡೀ ಅಲ್ಲಿ ಕೂತು ಕಾಲು ನೋಡಿದರು. ನಾನು ಮದುವೆಯಾಗಿ ಬಂದ ದಿನ ಕೂಡ ಮೊದಲು ನೋಡಿದ್ದು ನನ್ನ ಕಾಲನ್ನೇ. ಎಡಗಾಲು ಸ್ವಲ್ಪ ಹೊರಗೆ ತಿರುಗಿದೆ, ಈ ಹುಡುಗಿಗೆ ಹಟ ಜಾಸ್ತಿ ಎಂದು ನೆಂಟರ ಮುಂದೆಯೇ ಹೇಳಿದರು. ಅದೊಂದು ಮಾತು ಸುಳ್ಳಾಗಲಿಲ್ಲ, ಒಪ್ಪಿಕೊಳ್ಳುತ್ತೇನೆ.

ನಮ್ಮದು ಗುಡ್ಡದ ಮೇಲಿನ ಊರು. ಇಲ್ಲಿ ಸಮತಟ್ಟಾದ ಜಾಗವೆಂದರೆ ಚರ್ಚಿನ ಅಂಗಳ ಒಂದೇ. ಉಳಿದದ್ದೆಲ್ಲ ಏರು, ಇಳಿಜಾರು, ಮೆಟ್ಟಿಲು. ವರ್ಷಕ್ಕೊಮ್ಮೆ ಊರ ಪಾಲಕ ಸಂತನನ್ನು ಚರ್ಚಿನಿಂದ ಇಳಿಸಿ, ಕೆಳಗಿನ ನಲ್ಲಿಕಟ್ಟೆಯ ತಿರುವಿನಲ್ಲಿ ಹಾಯಿಸಿ, ಇನ್ನೊಂದು ಬೀದಿಯಿಂದ ಮತ್ತೆ ಮೇಲಕ್ಕೆ ಹೊರುತ್ತಾರೆ. ಪ್ರತಿಮೆ ನಿಲ್ಲುವುದು ಮರದ ಪೀಠದ ಮೇಲೆ, ಪೀಠದ ಅಡಿಗೆ ಎರಡು ಉದ್ದನೆಯ ದಂಡಿಗೆಗಳು. ದಂಡಿಗೆಯ ಒಂದೊಂದು ತುದಿಗೂ ಇಬ್ಬಿಬ್ಬರು, ಒಬ್ಬನ ಹಿಂದೆ ಒಬ್ಬ. ಆ ಇಬ್ಬರ ಭುಜ ಒಂದೇ ಎತ್ತರದಲ್ಲಿರಬೇಕು. ಒಬ್ಬನ ಭುಜ ಬೆರಳಿನಷ್ಟು ಮೇಲಿದ್ದರೂ ದಂಡಿಗೆ ಅವನ ಮೇಲೇ ಕೂರುತ್ತದೆ, ಇನ್ನೊಬ್ಬ ಸುಮ್ಮನೆ ದಂಡಿಗೆಗೆ ಕೈ ಹಚ್ಚಿಕೊಂಡು ಜಪ ಹೇಳುತ್ತಾ ನಡೆಯುತ್ತಾನೆ.

ದೇವರು ಮನುಷ್ಯರನ್ನು ಒಂದೇ ಎತ್ತರಕ್ಕೆ ಹುಟ್ಟಿಸಿಲ್ಲವಲ್ಲ, ಆ ಕೊರತೆಯನ್ನು ನಮ್ಮ ಮಾವ ತುಂಬುತ್ತಿದ್ದರು. ಹೊರುವವರಿಗೆಂದೇ ಬೇರೆ ಬೂಟುಗಳಿವೆ. ಹಬ್ಬಕ್ಕೆ ಮುಂಚೆ ಅವನ್ನು ಚೀಲದಲ್ಲಿ ತುಂಬಿ ಮಾವನ ಅಂಗಡಿಗೆ ತರುತ್ತಾರೆ. ಮಾವ ಒಬ್ಬೊಬ್ಬರನ್ನೇ ಗೋಡೆಗೆ ನಿಲ್ಲಿಸಿ, ಭುಜದ ಮಟ್ಟಕ್ಕೆ ದಾರ ಎಳೆದು ನೋಡಿ, ಗಿಡ್ಡನ ಬೂಟಿಗೆ ಅಟ್ಟೆಯ ಮೇಲೆ ಅಟ್ಟೆ ಕೂರಿಸಿ ಎಲ್ಲರನ್ನೂ ಸಮ ಮಾಡುತ್ತಿದ್ದರು. ಅವರ ಅಪ್ಪನೂ ಇದನ್ನೇ ಮಾಡುತ್ತಿದ್ದರಂತೆ. ಹಬ್ಬದ ಹಿಂದಿನ ದಿನ ಅವರವರ ಜೋಡಿ ಅವರವರ ಮನೆಗೆ ಹೋಗುತ್ತಿತ್ತು. ಆ ಕೆಲವು ದಿನ ಮಾವನ ಗತ್ತು ನೋಡಬೇಕಿತ್ತು, ಪಾದ್ರಿಗಳಿಗೂ ಸೊಪ್ಪು ಹಾಕುತ್ತಿರಲಿಲ್ಲ.

ವಯಸ್ಸಿನಲ್ಲಿ ಮಾವನೂ ಹೊತ್ತವರೇ. ಬಲದಂಡಿಗೆಯ ಮುಂದಿನ ಜಾಗ, ಎಲ್ಲಕ್ಕಿಂತ ಮಾನದ ಜಾಗ, ಅವರದ್ದಾಗಿತ್ತು. ಅವರ ಬೆನ್ನ ಹಿಂದೆ ನಿಲ್ಲುತ್ತಿದ್ದವರು ಅತ್ತೆಯ ತಮ್ಮ, ಬೇಕರಿ ಮಾವ. ಅತ್ತೆಯ ಮದುವೆಯಾದ ವರ್ಷ, ನಲ್ಲಿಕಟ್ಟೆಯ ತಿರುವಿನಲ್ಲಿ ಮಾವ ಮುಗ್ಗರಿಸಿ ಬಿದ್ದರು. ದಂಡಿಗೆ ವಾಲಿತು, ಸಂತನ ಕೈ ಗೋಡೆಗೆ ಬಡಿದು ಎರಡು ಬೆರಳು ಮುರಿದವು. ಅಂಟಿಸಿದ ಗುರುತು ಈಗಲೂ ಇದೆ. ಏನಾಯಿತೆಂದು ಪಾದ್ರಿಗಳು ಕೇಳಿದಾಗ ಉತ್ತರ ಕೊಟ್ಟದ್ದು ಬೇಕರಿ ಮಾವ. ಭಾವ ಸ್ವಲ್ಪ ಹಾಕಿಕೊಂಡಿದ್ದರು ಫಾದರ್, ವಾಸನೆ ಬಂತು ಎಂದರು. ಮಾವ ಇಲ್ಲವೆನ್ನಲಿಲ್ಲ. ತಲೆ ತಗ್ಗಿಸಿ ಮನೆಗೆ ಬಂದರು. ಜಾಗ ಹೋಯಿತು, ಅಲ್ಲಿ ಬೇಕರಿ ಮಾವನನ್ನು ನಿಲ್ಲಿಸಿದರು.

ಅಂದಿನಿಂದ ಬೇಕರಿ ಮಾವನ ನೆರಳು ಕಂಡರೆ ನಮ್ಮ ಮಾವನಿಗಾಗದು. ಮಾವನ ಬಾಯಲ್ಲಿ ಅವರು "ಹಿಟ್ಟಿನವನು". ಅತ್ತೆ ಸ್ವಂತ ತಮ್ಮನ ಬೇಕರಿಯ ಮುಂದೆಯೇ ಹಾದು, ಮೆಟ್ಟಿಲು ಹತ್ತಿ, ಮೇಲಿನ ಬೀದಿಯಿಂದ ಬ್ರೆಡ್ಡು ತರಬೇಕಿತ್ತು. ಮಂಡಿನೋವು ಬಂದಮೇಲೂ ತರಬೇಕಿತ್ತು. ಒಮ್ಮೆ ಮಳೆಯಲ್ಲಿ ಹೋಗಲಾರದೆ ತಮ್ಮನಲ್ಲೇ ಕೊಂಡು ತಂದರು. ಮಾವ ಅದನ್ನು ಮೂಸಿ ನೋಡಿ ಕಿಟಕಿಯಿಂದ ಬೀದಿಗೆ ಎಸೆದರು. ಅತ್ತೆ ಹೊರಗೆ ಹೋಗಿ ಒದ್ದೆ ಬ್ರೆಡ್ಡನ್ನು ಎತ್ತಿಕೊಂಡು ಬಂದು ಅಡುಗೆಮನೆಯಲ್ಲಿ ನಿಂತೇ ತಿಂದರು. ಅದನ್ನು ನೋಡಿದ ದಿನದಿಂದ ನನಗೆ ಮಾವನನ್ನು ಕಂಡರೆ ಸಿಟ್ಟು ಬರುತ್ತಿತ್ತು.

ನಾನು ಕುಡಿದಿರಲಿಲ್ಲ ಎಂದು ಮಾವ ಮನೆಯೊಳಗೆ ಮಾತ್ರ ಹೇಳುತ್ತಿದ್ದರು. ಹಾಗಾದರೆ ಬಿದ್ದದ್ದು ಹೇಗೆ ಎಂದು ನಾನೊಮ್ಮೆ ಕೇಳಿದೆ. ಮೊಳೆಗಳನ್ನು ಬಾಯಿಗೆ ಹಾಕಿಕೊಂಡು ಅಂಗಡಿಗೆ ಇಳಿದುಹೋದರು.

ಸೇಡು ತೀರಿಸಿಕೊಳ್ಳುವುದಕ್ಕೆ ಅವರಿಗಿದ್ದದ್ದು ಅಟ್ಟೆ. ಎಲ್ಲರ ಮುಂದೆ ದಾರ ಎಳೆದು ಬೇಕರಿ ಮಾವನ ಬೂಟನ್ನು ಸಮ ಮಾಡುವುದು, ಆಮೇಲೆ ಬಾಗಿಲು ಹಾಕಿಕೊಂಡು ಅದೇ ಬೂಟಿನ ಅಟ್ಟೆಯೊಳಗೆ ಇನ್ನೊಂದು ಪದರ ತೊಗಲು ಸೇರಿಸಿ, ಗುರುತೇ ಸಿಗದಂತೆ ಅಂಚು ಹೊಲಿದುಬಿಡುವುದು. ಒಂದು ಪದರ ಹೆಚ್ಚು, ಅಷ್ಟೇ. ಪೀಠದ ಆ ಮೂಲೆಯ ಭಾರವೆಲ್ಲ ಹಿಟ್ಟಿನವನ ಭುಜಕ್ಕೆ. ಈ ಸಲವೂ ಅವನೇ ಹೊರುತ್ತಾನೆ ಎಂದು ಹಬ್ಬದ ಹಿಂದಿನ ದಿನ ಊಟಕ್ಕೆ ಕೂತಾಗ ಹೇಳುತ್ತಿದ್ದರು. ವರ್ಷದಲ್ಲಿ ಅವರು ನಗುತ್ತಿದ್ದದ್ದು ಆ ಒಂದೇ ದಿನ.

ನನ್ನ ಗಂಡ ಗಾರೆ ಕೆಲಸದವನು. ಛಾವಣಿಗೆ ಗಾರೆ ಬಳಿಯುವುದರಲ್ಲಿ ಅವನದ್ದು ಎತ್ತಿದ ಕೈ. ಮೀಸೆ ಬಂದ ಕೂಡಲೇ ಮಾವ ಅವನನ್ನು ದಂಡಿಗೆಗೆ ಹಚ್ಚಿದ್ದರು, ಬೇಕರಿ ಮಾವನ ಬೆನ್ನ ಹಿಂದಿನ ಜಾಗಕ್ಕೇ. ಹಿಟ್ಟಿನವನು ಭಾರ ತಡೆಯಲಾರದೆ ಒಂದು ದಿನ ಕುಸಿಯುತ್ತಾನೆ, ಆಗ ಮುಂದಿನ ಜಾಗ ನಮ್ಮ ಮನೆಗೆ ವಾಪಸು ಬರುತ್ತದೆ ಎಂಬುದು ಅವರ ಲೆಕ್ಕ. ಆದರೆ ಕುಸಿಯುತ್ತಾ ಬಂದವನು ನನ್ನ ಗಂಡ. ಪ್ರತಿ ಹಬ್ಬದ ಮಾರನೆಯ ದಿನ ಅವನ ಬಲಭುಜ ಬಾತುಕೊಳ್ಳುತ್ತಿತ್ತು. ಮೊದಲು ಕೆಲವು ದಿನಕ್ಕೆ ಸರಿಹೋಗುತ್ತಿತ್ತು, ಆಮೇಲೆ ತಿಂಗಳಾದರೂ ಹೋಗುತ್ತಿರಲಿಲ್ಲ. ಭಾರ ತನ್ನ ಮೇಲೇ ಬರುತ್ತಿದೆ ಎಂದು ಅಪ್ಪನಿಗೆ ಹೇಳಿದ. ನನ್ನ ಅಳತೆ ತಪ್ಪುವುದಿಲ್ಲ, ನೀನು ಬೆಣ್ಣೆಯಂಥವನು, ಅದಕ್ಕೆ ಹಾಗನ್ನಿಸುತ್ತದೆ ಎಂದು ಬೈಸಿಕೊಂಡ. ಅಪ್ಪ ಹೊಲಿದ ಅಟ್ಟೆಯನ್ನು ಅನುಮಾನಿಸುವ ಬುದ್ಧಿ ಅವನಿಗೆ ಬರಲಿಲ್ಲ, ತನ್ನ ಭುಜವನ್ನೇ ಅನುಮಾನಿಸಿದ.

ಒಂದು ವರ್ಷ ಹಬ್ಬ ಹತ್ತಿರ ಬಂದಾಗ ಅವನ ಬೆರಳುಗಳಿಂದ ಗಾರೆ ಬಳಿಯುವ ಕರಣೆ ಜಾರತೊಡಗಿತು. ವೈದ್ಯರು ಕೈಯನ್ನು ಮೇಲೆತ್ತಿ, ತಿರುಗಿಸಿ, ಒತ್ತಿ ನೋಡಿದರು. ಇನ್ನೊಂದು ಸಲ ಆ ಭುಜದ ಮೇಲೆ ಭಾರ ಹೊತ್ತರೆ ಈ ಕೈಯನ್ನು ಮರೆತುಬಿಡಿ ಎಂದು ನೇರವಾಗಿ ಹೇಳಿದರು. ಆ ಕೈ ನಮ್ಮ ಮನೆಯ ಅನ್ನ. ಮಾವನಿಗೆ ಹೇಳಿದರೆ ಕ್ಯಾರೇ ಅನ್ನಲಿಲ್ಲ. ಇದೊಂದು ವರ್ಷ ಹೊರಲಿ, ಹಿಟ್ಟಿನವನಿಗೂ ವಯಸ್ಸಾಯಿತು, ಈ ಸಲ ಬಿದ್ದೇ ಬೀಳುತ್ತಾನೆ ಎಂದರು. ಗಂಡ ನನ್ನ ಮುಖ ನೋಡಿದ, ಅಪ್ಪನ ಮುಖ ನೋಡಿದ, ಎದ್ದು ಹೊರಗೆ ಹೋದ.

ಹೊರುವವರು ತೊಡುವ ಬಿಳಿ ನಿಲುವಂಗಿಗಳನ್ನು ಒಗೆದು ಇಸ್ತ್ರಿ ಮಾಡುತ್ತಿದ್ದ ಮುದುಕಿ ಕೈಲಾಗುವುದಿಲ್ಲವೆಂದು ಬಿಟ್ಟದ್ದರಿಂದ ಆ ಸಲ ಅವು ನನ್ನ ಇಸ್ತ್ರಿ ಅಂಗಡಿಗೆ ಬಂದವು. ಹಬ್ಬ ಮುಗಿದ ಸಂಜೆ ಬೆವರಿನ ಸಮೇತ ಪೆಟ್ಟಿಗೆಗೆ ತುರುಕಿ, ಮುಂದಿನ ಹಬ್ಬ ಬಂದಾಗಲೇ ಹೊರತೆಗೆಯುವುದು ನಮ್ಮ ಗಂಡಸರ ಭಕ್ತಿ. ಒಂದೊಂದನ್ನೇ ಕೊಡವಿ ನೋಡಿದೆ. ಮೊದಲು ತೆಗೆದ ಅಂಗಿಗಳ ಭುಜದ ಮೇಲೆಲ್ಲ ದಂಡಿಗೆಯ ಎಣ್ಣೆಗಪ್ಪು ತಿಕ್ಕಿದ ಪಟ್ಟೆಯಿತ್ತು. ನನ್ನ ಗಂಡನದ್ದರಲ್ಲಿ ಬಟ್ಟೆಯೇ ಸವೆದು ಜಾಲರಿಯಾಗಿತ್ತು, ಒಳಗೆ ಒಣಗಿದ ರಕ್ತ. ಬೇಕರಿ ಮಾವನದ್ದನ್ನು ಬಿಚ್ಚಿದೆ. ಭುಜ ಬೆಳ್ಳಗಿತ್ತು. ಹಿಂದೆ ಮುಂದೆ ತಿರುಗಿಸಿದೆ, ಒಂದು ಗೆರೆಯೂ ಇಲ್ಲ. ವರ್ಷವರ್ಷವೂ ಭಾರವೆಲ್ಲ ಹೊರುತ್ತಿದ್ದಾನೆಂದು ಮಾವ ನಗುತ್ತಿದ್ದ ಮನುಷ್ಯನ ಅಂಗಿ ಅದು.

ಎರಡೂ ಅಂಗಿ ಸುತ್ತಿಕೊಂಡು ನೇರ ಬೇಕರಿಗೆ ಹೋದೆ. ಬೇಕರಿ ಮಾವ ಹಿಟ್ಟು ನಾದುತ್ತಿದ್ದರು. ಅವರ ಹಲಗೆಯ ಮೇಲೇ, ಹಿಟ್ಟಿನ ಪಕ್ಕದಲ್ಲೇ, ಹರಡಿದೆ.

"ಮಾವ, ಇದು ನಿಮ್ಮದು. ಇದು ನನ್ನ ಗಂಡಂದು."

"ಚೆನ್ನಾಗಿ ಒಗ್ದಿದ್ದೀಯಮ್ಮ ನಂದನ್ನ."

"ಇನ್ನೂ ಒಗ್ದಿಲ್ಲ."

ಅವರು ಕೈ ನಿಲ್ಲಿಸಿದರು. ರಕ್ತದ ಕಲೆ ನೋಡಿದರು. ಆಮೇಲೆ ಗೋಡೆಗೆ ಸಿಕ್ಕಿಸಿದ್ದ ಬ್ರೆಡ್ಡಿನ ಚಾಕುವನ್ನು ಗದ್ದದಿಂದ ತೋರಿಸಿದರು. ಪ್ರತಿ ವರ್ಷ ಬೂಟು ಮನೆಗೆ ಬಂದ ಸಂಜೆ ಅಂಚಿನ ಹೊಲಿಗೆ ಬಿಚ್ಚಿ, ಮಾವ ಸೇರಿಸಿದ ಪದರವನ್ನು ಕಿತ್ತು, ಕೋಪಕ್ಕೆ ಕೆಳಗಿನದ್ದನ್ನೂ ಒಂದಿಷ್ಟು ಕೆರೆದು, ಮತ್ತೆ ಹೊಲಿದು ಹಾಕಿಕೊಳ್ಳುತ್ತಿದ್ದರಂತೆ. ಅಂದರೆ ಸಮಕ್ಕಿಂತ ತಗ್ಗು. ಅಂದರೆ ದಂಡಿಗೆ ಅವರ ಭುಜವನ್ನು ಮುಟ್ಟುತ್ತಲೇ ಇರಲಿಲ್ಲ. ಹೊರುತ್ತಿದ್ದದ್ದು ಹಿಂದಿನವನು.

ಒಂದು ಸುಳ್ಳು ಹೇಳಿ ಜಾಗ ಕಿತ್ತುಕೊಂಡದ್ದು ಸಾಲದೇ ಎಂದು ಕೇಳಿಯೇಬಿಟ್ಟೆ.

"ಸುಳ್ಳು ಹೌದು. ಭಾವ ಕುಡ್ದಿರ್ಲಿಲ್ಲ. ಅವರ ಬೂಟಿನ ಹಿಮ್ಮಡಿ ಕಿತ್ತು ಬಂತು. ನನ್ನ ಕಾಲ ಹತ್ರಾನೇ ಬಿತ್ತು. ಯಾರಿಗೂ ಕಾಣದ ಹಾಗೆ ಎತ್ತಿ ಜೇಬಿಗೆ ಹಾಕ್ಕೊಂಡೆ. ಅವರೇ ಹೊಲಿದ ಬೂಟು ಕಣಮ್ಮ ಅದು. ಇಡೀ ಊರಿನ ಮುಂದೆ, ಸಂತನ್ನ ಹೊತ್ಕೊಂಡಿರೋವಾಗ, ಹೊಲಿಗೆ ಬಿಡ್ತು ಅಂದ್ರೆ ಆಮೇಲೆ ಅವರ ಹತ್ರ ಯಾರು ಹೊಲಿಸ್ತಿದ್ರು? ನಮ್ಮಕ್ಕ ಏನು ತಿನ್ನಬೇಕಿತ್ತು? ಕುಡ್ದಿದ್ದ ಅಂದ್ರೆ ನಾಲ್ಕು ದಿನ ಆಡ್ಕೊಂಡು ಸುಮ್ನಾಗ್ತಾರೆ."

ಜಾಗವನ್ನು ನಾನು ಕೇಳಿರಲಿಲ್ಲ, ಕೊಟ್ಟರು, ನಿಂತೆ ಎಂದರು. ಮೊದಲೆರಡು ವರ್ಷ ಹೆಚ್ಚಿನ ಪದರ ಗೊತ್ತಾದರೂ ಭಾವನ ಸಿಟ್ಟು ಇಳಿಯಲಿ ಎಂದು ಹೊತ್ತರಂತೆ. ಇಳಿಯಲಿಲ್ಲ. ಉಪಕಾರ ಮಾಡಿದ್ದಕ್ಕೆ ಇದಾ ಎಂದು ಇವರಿಗೂ ತಲೆ ಕೆಟ್ಟಿತು, ಚಾಕು ಹಿಡಿದರು. ಹಿಂದೆ ನಿಂತವನು ನಿಮ್ಮ ಅಕ್ಕನ ಮಗ ಅಲ್ಲವೇ, ಒಂದು ಸಲವೂ ತಿರುಗಿ ನೋಡಲಿಲ್ಲವೇ ಎಂದು ಕೇಳಿದೆ.

"ಹೊರೋವಾಗ ಹಿಂದೆ ತಿರುಗೋ ಹಾಗಿಲ್ಲ" ಎಂದರು.

ಕೆರೆಯುವುದನ್ನು ಬಿಡಿ ಎಂದೆ. ನಿಮ್ಮ ಮಾವ ಪದರ ಹಾಕುವುದನ್ನು ಬಿಡಲಿ, ಆಮೇಲೆ ನೋಡೋಣ ಎಂದರು. ಅಂಗಿಗಳನ್ನು ಅಲ್ಲೇ ಬಿಟ್ಟು ಮಾವನ ಅಂಗಡಿಗೆ ಬಂದೆ.

ಮಾವ ತೊಡೆಯ ಮೇಲೆ ಇಟ್ಟುಕೊಂಡು ಹೊಲಿಯುತ್ತಿದ್ದದ್ದೂ ಬೇಕರಿ ಮಾವನ ಬೂಟನ್ನೇ. ನಿಂತುಕೊಂಡೇ ಎಲ್ಲ ಹೇಳಿದೆ. ನೀವು ಹಾಕಿದ ತೊಗಲೆಲ್ಲ ನಿಮ್ಮ ಮಗನ ಭುಜಕ್ಕೆ ಹೋಯಿತು, ಆ ಕೈಯನ್ನು ನೀವಿಬ್ಬರೂ ಸೇರಿ ತಿಂದಿರಿ ಎಂದೆ. ಅವರು ದಬ್ಬಳ ಕೆಳಗಿಟ್ಟರು.

"ನನ್ನ ಹೊಲಿಗೆ ಬಿಚ್ಚಿದ್ನಾ ಅವನು?"

ನನ್ನ ಮಾತು ಅವರಿಗೆ ಕೇಳಿಸಿದ್ದೇ ಅಷ್ಟು. ಬ್ರೆಡ್ಡಿನ ಚಾಕುವಿನಲ್ಲಿ ತನ್ನ ಹೊಲಿಗೆ ಬಿಚ್ಚಿ, ತನಗೇ ಗೊತ್ತಾಗದ ಹಾಗೆ ಮತ್ತೆ ಹೊಲಿದನೇ ಎಂದು ಬೂಟನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಆಗ ನಾನು ಹಿಮ್ಮಡಿಯ ವಿಷಯ ತೆಗೆದೆ. ಬಾಯಿಂದ ಮೊಳೆಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು. ಹಗಲಿನಲ್ಲಿ ಅವರ ಬಾಯಿ ಖಾಲಿಯಾದದ್ದನ್ನು ನಾನು ಕಂಡದ್ದು ಅದೇ ಮೊದಲು.

"ನೋಡಿದ್ನಾ? ಇಷ್ಟು ವರ್ಷ ಗೊತ್ತಿತ್ತಾ ಅವನಿಗೆ?"

ತನ್ನನ್ನು ಉಳಿಸುವುದಕ್ಕೆ ಸುಳ್ಳು ಹೇಳಿದನೆಂದು ಮಾವನ ಮನಸ್ಸು ಕರಗೀತು ಎಂದುಕೊಂಡಿದ್ದೆ. ಎಲ್ಲಿಯ ಮಾತು. ಕುಡುಕ ಎಂದು ಸುಳ್ಳು ಹೇಳಿದವನನ್ನು ಹೇಗೋ ಸಹಿಸಿದ್ದರು, ನಿಜ ನೋಡಿದವನನ್ನು ಸಹಿಸಲು ಆಗಲಿಲ್ಲ. ಮಗನ ಕೈಗೇನು ಹೇಳುತ್ತೀರಿ ಎಂದೆ.

"ಹೊರ್ತಾನೆ. ಈಗಂತೂ ಜಾಗ ಬಿಡೋ ಹಾಗೇ ಇಲ್ಲ."

ಕಪಾಟಿನಲ್ಲಿ ನನ್ನ ಗಂಡನ ಬೂಟು ಸಿದ್ಧವಾಗಿ ಕೂತಿತ್ತು, ಪಾಲಿಶ್ ಹಚ್ಚಿ ಹೊಳೆಯುತ್ತಿತ್ತು. ಅದನ್ನು ಎತ್ತಿಕೊಂಡೆ. ಅವರಿಗೆ ಅರ್ಥವಾಗುವ ಮೊದಲೇ ಮೆಟ್ಟಿಲು ಹತ್ತಿ ಬೀದಿಗೆ ಬಂದೆ. ಬೇಕರಿಯಲ್ಲಿ ಯಾರನ್ನೂ ಕೇಳದೆ ಒಲೆಯ ಬಾಗಿಲು ತೆಗೆದು ಎರಡನ್ನೂ ಒಳಗೆ ಎಸೆದೆ. ಸುಟ್ಟ ತೊಗಲಿನ ನಾತ ಬೀದಿ ತುಂಬಿತು. ಆ ಒಲೆಯ ಬ್ರೆಡ್ಡಿಗೆ ಮೂರು ದಿನ ಬೂಟಿನ ರುಚಿ ಇತ್ತೆಂದು ಜನ ಇವತ್ತಿಗೂ ಆಡಿಕೊಳ್ಳುತ್ತಾರೆ.

ಅಷ್ಟರಲ್ಲಿ ಹಬ್ಬ ಬಂದುಬಿಟ್ಟಿತು, ಹೊಸ ಜೋಡಿ ಹೊಲಿಯಲು ಹೊತ್ತಿರಲಿಲ್ಲ. ಗಂಡನ ಜಾಗಕ್ಕೆ, ತನ್ನ ಚಪ್ಪಲಿಯಲ್ಲೇ ಭುಜದ ಮಟ್ಟಕ್ಕೆ ಸರಿಹೊಂದಿದ ಕ್ಷೌರದಂಗಡಿಯವನು ನಿಂತ. ಅವನು ಅಲ್ಲಿ ನಿಂತದ್ದು ನಿಂತದ್ದೇ, ಜಾಗ ನಮ್ಮ ಮನೆಗೆ ಮತ್ತೆ ಬರಲಿಲ್ಲ. ಮಾವ ನನ್ನೊಡನೆ ಮಾತು ಬಿಟ್ಟರು, ಸಾಯುವ ತನಕ. ಊಟ ಬಡಿಸಿದರೆ ತಟ್ಟೆಗೆ ಹೇಳುತ್ತಿದ್ದರು, ಉಪ್ಪು ಕಮ್ಮಿ ಎಂದು. ನನಗೇನೂ ನಷ್ಟವಾಗಲಿಲ್ಲ.

ಮುಂದಿನ ಹಬ್ಬಕ್ಕೆ ಅವರು ಬೇಕರಿ ಮಾವನ ಬೂಟಿಗೆ ಪದರ ಹಾಕಿದ್ದಷ್ಟೇ ಅಲ್ಲ, ಆ ಪದರದ ತುಂಬ ಮೊಳೆ ಹೊಡೆದರು. ಕೆರೆಯಲು ಹೋದ ಚಾಕುವಿನ ಅಲಗು ಮುರಿಯಿತು. ಮುರಿದ ಚಾಕುವನ್ನು ಬೇಕರಿ ಮಾವ ನಮ್ಮ ಅಂಗಡಿಯ ಕಿಟಕಿಯೊಳಗೆ ಎಸೆದು, ಮಂಡಿನೋವೆಂದು ಹೇಳಿ ದಂಡಿಗೆಯನ್ನೇ ಬಿಟ್ಟರು. ಮಾವ ಗೆದ್ದ ಹಾಗೆ ಮೀಸೆ ತಿರುವಿದರು. ಯಾರನ್ನು ಗೆದ್ದರೋ. ನನ್ನ ಗಂಡನ ಕೈ ಆಗಲೇ ಎದೆಗಿಂತ ಮೇಲೆ ಏಳುತ್ತಿರಲಿಲ್ಲ, ಇವತ್ತಿಗೂ ಏಳುವುದಿಲ್ಲ. ಗೋಡೆಗೆ ಎದೆಯ ಮಟ್ಟದ ತನಕ ಅವನು ಬಳಿಯುತ್ತಾನೆ, ಮೇಲಿನದ್ದಕ್ಕೆ ಬೇರೆಯವರನ್ನು ಕರೆಯಬೇಕು. ಛಾವಣಿ ಕೆಲಸ ಕೇಳಿಕೊಂಡು ಯಾರಾದರೂ ಬಂದರೆ ಒಳಗೆ ಹೋಗಿಬಿಡುತ್ತಾನೆ.

ಮಾವ ಹೋದದ್ದು ಅಂಗಡಿಯಲ್ಲೇ, ಕೂತಲ್ಲೇ. ನಾನೇ ಅವರ ಬಾಯಿಂದ ಮೊಳೆಗಳನ್ನು ತೆಗೆದೆ.

ಶವಪೆಟ್ಟಿಗೆಯನ್ನು ಚರ್ಚಿನಿಂದ ಕೆಳಗಿನ ಸ್ಮಶಾನಕ್ಕೆ ಹೆಗಲ ಮೇಲೇ ಒಯ್ಯಬೇಕು, ಸಂತ ಹೋಗುವ ಅದೇ ಬೀದಿಯಲ್ಲಿ. ಮಗನಾದವನು ಮುಂದೆ ನಿಲ್ಲುವುದು ವಾಡಿಕೆ. ನನ್ನ ಗಂಡ ಪೆಟ್ಟಿಗೆಯ ಪಕ್ಕಕ್ಕೆ ಹೋಗಿ, ಕೈ ಎತ್ತಲು ನೋಡಿ, ಆಗದೆ, ಹಿಂದೆ ಸರಿದ. ಎಲ್ಲರೂ ನೋಡುತ್ತಿದ್ದರು. ಆಗ ಅಂಗಳದ ಕಲ್ಲುಹಾಸಿನ ಮೇಲೆ ಟಕ್ ಟಕ್ ಎಂಬ ಸದ್ದು ಕೇಳಿಸಿತು. ಬೇಕರಿ ಮಾವ ಬಂದರು. ಯಾರನ್ನೂ ಕೇಳದೆ ಬಲಗಡೆಯ ಮುಂದಿನ ಜಾಗಕ್ಕೆ ಹೆಗಲು ಕೊಟ್ಟರು. ನಾನು ಅವರ ಕಾಲು ನೋಡಿದೆ. ಅದೇ ಬೂಟು. ಮೊಳೆ ಹೊಡೆದ ಪದರ ಹಾಗೇ ಇತ್ತು, ಅವರು ಕೆರೆಯಲು ಹೋಗಿ ಸೋತ ಕಡೆ ಮೊಳೆಗಳು ಹೊರಗೆ ಇಣುಕುತ್ತಿದ್ದವು. ಹೆಣ ಹೊರುವುದಕ್ಕೆ ಯಾವ ಚಪ್ಪಲಿಯಾದರೂ ನಡೆಯುತ್ತಿತ್ತು.

ಇಳಿಜಾರಿನುದ್ದಕ್ಕೂ ಆ ಸದ್ದು ಕೇಳುತ್ತಲೇ ಇತ್ತು. ನಲ್ಲಿಕಟ್ಟೆಯ ತಿರುವಿನಲ್ಲಿ ಅವರ ಮಂಡಿ ಬಾಗಿತು, ಕತ್ತಿನ ನರ ಉಬ್ಬಿತು, ಆದರೂ ಜಾಗ ಬದಲಿಸಿಕೊಳ್ಳಲಿಲ್ಲ. ಅವರ ಹಿಂದೆ ನಿಂತಿದ್ದ ಕ್ಷೌರದಂಗಡಿಯವನು ಆಮೇಲೆ ನನಗೆ ಹೇಳಿದ, ನನ್ನ ಹೆಗಲಿಗೆ ಪೆಟ್ಟಿಗೆ ತಾಗಲೇ ಇಲ್ಲ ಎಂದು.

ಅತ್ತೆ ಈಗ ತಮ್ಮನ ಬೇಕರಿಯಿಂದಲೇ ಬ್ರೆಡ್ಡು ತರುತ್ತಾರೆ. ಅವರು ಅತ್ತು, ಎಲ್ಲ ಮುಗಿಯಿತಲ್ಲ, ನೀನೂ ಮನಸ್ಸಿನಿಂದ ತೆಗೆದುಹಾಕು ಎನ್ನುತ್ತಾರೆ. ನಾನು ತೆಗೆದುಹಾಕಿಲ್ಲ. ಆ ಬೂಟನ್ನು ಸತ್ತವನಿಗಾಗಿ ಹಾಕಿಕೊಳ್ಳಲು ಬೇಕರಿ ಮಾವನಿಗೆ ಬಂದ ಬುದ್ಧಿ ಬದುಕಿರುವವನಿಗಾಗಿ ಬರಲಿಲ್ಲವಲ್ಲ ಎಂಬ ಸಂಕಟ ನನ್ನದು. ಮಣ್ಣು ಮಾಡಿದ ದಿನ ನಾನು ಪೆಟ್ಟಿಗೆಯೊಳಗಿದ್ದವರ, ಅದನ್ನು ಹೊತ್ತವರ, ಆ ಇಬ್ಬರ ಹಿಂದೆ ನಡೆಯುತ್ತಿದ್ದೆ, ನನ್ನ ಪಕ್ಕದಲ್ಲಿ ನನ್ನ ಗಂಡ, ಬಲಗೈಯನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡು. ಸ್ಮಶಾನದ ಬಾಗಿಲಲ್ಲಿ ಎಡಗೈಯಿಂದ ನನ್ನ ಕೈ ಹಿಡಿದು, ಹೊತ್ತವರಿಗೆ ಅಪ್ಪ ಭಾರ ಇದ್ದರಾ ಎಂದು ಕೇಳಿದ.